ಸುಮ್ಮನಿದ್ದಾಗ ಕಾಯುತ್ತಿದ್ದ ಕಂಪ್ಯೂಟರ್

ಇದು 2023ರ ಮಾತು. ನಂಜನಗೂಡಿನ ರೈಲು ನಿಲ್ದಾಣಕ್ಕೆ ಹೋಗುವ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಅಷ್ಟು ಹೊತ್ತಿಗೆ ಈ ಕಸುಬಿಗೆ ಬಂದು ಇಪ್ಪತ್ತು ವರ್ಷ ದಾಟಿತ್ತು. ಅದಕ್ಕೂ ಮೊದಲು ಇಲ್ಲಿನ ಒಂದು ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿದ್ದೆ. ಮೇಲಿನವರ ಜೊತೆ ಮಾತಿಗೆ ಮಾತು ಬೆಳೆದು, ಕೆಲಸಕ್ಕೆ ನಮಸ್ಕಾರ ಹೊಡೆದು ಅಂಗಡಿ ಹಾಕಿದೆ. "ಕೈ ಒಳ್ಳೇದು, ಬಾಯಿ ಕೆಟ್ಟದು" ಎಂದು ಗಿರಾಕಿಗಳು ನನ್ನ ಬಗ್ಗೆ ಹೇಳುತ್ತಾರಂತೆ. ಹೇಳಿಕೊಳ್ಳಲಿ. ಕೆಟ್ಟುಹೋದ ಯಂತ್ರವನ್ನು ಹಾಗೇ ವಾಪಸು ಕಳಿಸಿದ್ದು ನನಗೆ ನೆನಪಿಲ್ಲ.

ಆ ವರ್ಷ ಮುಂಗಾರು ಶುರುವಾಗುವ ಮೊದಲು ಮೂಗೂರಿನಿಂದ ಒಂದು ಫೋನು ಬಂತು. ಮಾತಾಡಿದವರು ಮಹದೇವಮ್ಮ ಎನ್ನುವ ಹೆಂಗಸು. "ಸಾ, ಕಂಪ್ಯೂಟರು ಕಾದು ಕಾದು ಆಫಾಗ್ಬುಟ್ಟದೆ. ನಮ್ ಬದುಕೇ ಅದರ ಮ್ಯಾಲೆ ನಿಂತದೆ. ಇವತ್ತೇ ಬನ್ನಿ ಸಾ" ಎಂದರು. ಎಲ್ಲ ಗಿರಾಕಿಗಳೂ ಹೀಗೇ ಹೇಳುತ್ತಾರೆ, ಇದ್ಯಾವ ಮಹಾ ಎಂದುಕೊಂಡೇ ಸ್ಕೂಟರ್ ಹತ್ತಿದೆ. ಆದರೆ ಆಕೆಯ ಮಾತು ಅಕ್ಷರಶಃ ನಿಜವಾಗಿತ್ತು.

ಮಹದೇವಮ್ಮ ನಡೆಸುತ್ತಿದ್ದುದು ರೇಷ್ಮೆಯ ಚಾಕಿ ಸಾಕಣೆ ಕೇಂದ್ರ. ಮೊಟ್ಟೆಯಿಂದ ಆಗಷ್ಟೇ ಹೊರಬಂದ ರೇಷ್ಮೆ ಹುಳುಗಳು ಸೂಜಿಮೊನೆಯಷ್ಟಿರುತ್ತವೆ, ಬಲು ನಾಜೂಕು. ಆ ಎಳೆ ಹುಳುಗಳನ್ನು ಎಂಟೊಂಬತ್ತು ದಿನ ಒಂದೇ ಕಡೆ ಬೆಚ್ಚಗೆ, ತೇವದಲ್ಲಿ ಸಾಕಿ ಆಮೇಲೆ ರೈತರಿಗೆ ಕೊಡುತ್ತಾರೆ. ಆಕೆ ಹದಿನಾಲ್ಕು ವರ್ಷ ಬೇರೆಯವರ ಕೇಂದ್ರದಲ್ಲಿ ಸೊಪ್ಪು ಹೆಚ್ಚಿ, ತಟ್ಟೆ ತೊಳೆದು, ಕೆಲಸ ಕಲಿತು, ಕೊನೆಗೆ ತನ್ನದೇ ಒಂದು ಕೇಂದ್ರ ಕಟ್ಟಿಸಿದ್ದರು. ದೊಡ್ಡ ಹಜಾರ. ಒಳಗೆ ಸೆನ್ಸರುಗಳು, ಮಂಜಿನ ಹಾಗೆ ನೀರೆರಚುವ ಯಂತ್ರ, ಹೀಟರು, ಗಾಳಿ ಹೊರಹಾಕುವ ಫ್ಯಾನುಗಳು. ಇವೆಲ್ಲದರ ಲಗಾಮು ಮೂಲೆಯಲ್ಲಿದ್ದ ಒಂದು ಡೆಸ್ಕ್‌ಟಾಪ್ ಕಂಪ್ಯೂಟರಿನ ಕೈಯಲ್ಲಿತ್ತು. ಅದು ಆಫಾದರೆ ಹಜಾರದಲ್ಲಿ ಎಲ್ಲವೂ ನಿಂತುಹೋಗುತ್ತಿತ್ತು.

ಆಫಾಗಿದ್ದರಿಂದ ಅನಾಹುತವೂ ಆಗಿತ್ತು. ಒಂದು ಬ್ಯಾಚಿನ ಹುಳುಗಳು ಒಂದು ದೊಡ್ಡದು, ಒಂದು ಚಿಕ್ಕದು ಎಂದು ಏರುಪೇರಾಗಿದ್ದವು. ಅಂಥ ಹುಳುಗಳನ್ನು ಸಾಕುವುದು ರೈತನಿಗೆ ನರಕ. ಒಂದಕ್ಕೆ ಸೊಪ್ಪು ಹಾಕಬೇಕಾದಾಗ ಇನ್ನೊಂದು ಮಲಗಿರುತ್ತದೆ. ಹುಳು ಒಯ್ದ ರೈತರು ಬಂದು ರೇಗಿ ಹೋಗಿದ್ದರು.

ಮೊದಲ ಸಲ ಹೋದಾಗ ಕೆಲಸ ಸುಲಭದ್ದೇ ಆಗಿತ್ತು. ಕಂಪ್ಯೂಟರಿನ ಮಿದುಳನ್ನು ಪ್ರೊಸೆಸರ್ ಎನ್ನುತ್ತಾರೆ. ಅದು ಕೆಲಸ ಮಾಡಿದಷ್ಟೂ ಕಾಯುತ್ತದೆ. ಆ ಬಿಸಿಯನ್ನು ಎಳೆದು ಹೊರಹಾಕಲು ಅದರ ಮೇಲೆ ತೆಳು ಹಾಳೆಗಳಿರುವ ಲೋಹದ ಹೀಟ್‌ಸಿಂಕ್, ಅದರ ಮೇಲೊಂದು ಫ್ಯಾನು. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಬಿಸಿ ಸರಾಗವಾಗಿ ದಾಟಲಿ ಎಂದು ಥರ್ಮಲ್ ಪೇಸ್ಟ್ ಎನ್ನುವ ಬೂದು ಬಣ್ಣದ ಮುಲಾಮು. ಕೆಲಸವಿಲ್ಲದೆ ಸುಮ್ಮನಿದ್ದಾಗಿನ ಬಿಸಿಯನ್ನು ಐಡಲ್ ಟೆಂಪರೇಚರ್ ಎನ್ನುತ್ತೇವೆ. ನಮ್ಮ ಕಡೆಯ ಹವೆಗೆ ಅದು ನಲವತ್ತು ಡಿಗ್ರಿಯ ಆಸುಪಾಸಿನಲ್ಲಿರಬೇಕು. ಇಲ್ಲಿ ಎಪ್ಪತ್ತೆಂಟಿತ್ತು. ಕ್ಯಾಬಿನೆಟ್ ಬಿಚ್ಚಿ ನೋಡಿದರೆ ಹೀಟ್‌ಸಿಂಕಿನ ಸಂದಿಗಳಲ್ಲೆಲ್ಲ ಬಿಳಿ ಗಾರೆ! ಹುಳುಗಳ ಹಾಸಿಗೆಯ ಮೇಲೆ ಆಗಾಗ ಸುಣ್ಣದ ಪುಡಿ ಉದುರಿಸುತ್ತಾರಂತೆ. ಆ ಪುಡಿ ಫ್ಯಾನಿಗೆ ಸಿಕ್ಕಿ ಒಳಗೆ ಹೋಗಿ, ಹಜಾರದ ತೇವ ಕುಡಿದು ಗಟ್ಟಿಯಾಗಿತ್ತು. ಕೆರೆದು, ತೊಳೆದು, ಪೇಸ್ಟ್ ಬದಲಿಸಿದೆ. ಐಡಲ್ ಟೆಂಪರೇಚರ್ 39ಕ್ಕೆ ಇಳಿಯಿತು.

"ನೋಡೀಮ್ಮಾ, ಏನೇ ಆದ್ರೂ ಸರಿ, ಈ ಪುಡಿ ಮಾತ್ರ ಇದರೊಳಗೆ ಹೋಗ್ಕೂಡದು. ಹೋದ್ರೆ ನಾನು ಮತ್ತೆ ಬರೋದಿಲ್ಲ" ಎಂದು ಗದರಿಸಿಯೇ ಬಂದೆ.

"ಓಗಾಕೆ ಬುಡಕಿಲ್ಲ ಸಾ" ಎಂದರು ಆಕೆ.

ಮುಂದಿನ ಬ್ಯಾಚು ಶುರುವಾಗಿ ಕೆಲವು ದಿನಗಳಾಗಿದ್ದವು. ಮತ್ತೆ ಫೋನು. "ಸಾ, ಇವತ್ತೂವೆ ಆಫಾಗ್ಬುಟ್ಟಿತ್ತು. ಮುಟ್ಟುದ್ರೆ ಕೈ ಸುಡ್ತದೆ."

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಮಾಡಿದ ಕೆಲಸ ಇಷ್ಟು ಬೇಗ ಕೆಡುವುದೆಂದರೇನು? "ಈಗಲೇ ಹೊರಟೆ" ಎಂದೆ.

"ಇವತ್ತು ಬರಬ್ಯಾಡಿ ಸಾ, ಮನೇಲಿ ಜ್ವರ ಕುಂತದೆ. ನಾಳಿಕ್ಕೊ ನಾಡಿದ್ದೊ ಜ್ವರ ಎದ್ಮ್ಯಾಲೆ ಬನ್ನಿ."

ಪಾಪ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಅಂಥದ್ದರಲ್ಲಿ ಕಂಪ್ಯೂಟರ್ ಬೇರೆ ಕಾಟ ಕೊಡುತ್ತಿದೆ ಎಂದುಕೊಂಡು ದನಿ ತಗ್ಗಿಸಿದೆ. "ಡಾಕ್ಟ್ರಿಗೆ ತೋರಿಸಿದ್ರಾ?" ಎಂದೂ ಕೇಳಿದೆ. "ಡಾಕ್ಟ್ರು ಯಾಕೆ ಸಾ, ಅದಾಗದೆ ಏಳ್ತದೆ" ಎಂದು ಫೋನು ಇಟ್ಟರು. ಗಟ್ಟಿ ಹೆಂಗಸು ಎನ್ನಿಸಿತು.

ಎರಡು ದಿನ ಬಿಟ್ಟು ಹೋದೆ. ಕಂಪ್ಯೂಟರ್ ಹಾಕಿ ನೋಡಿದರೆ 41 ಡಿಗ್ರಿ! ಫ್ಯಾನು ಸರಿಯಾಗಿದೆ, ಸಂದಿಯಲ್ಲಿ ಒಂದು ಚಿಟಿಕೆ ಸುಣ್ಣವೂ ಇಲ್ಲ. ತಟ್ಟೆಗಳ ಮೇಲೆ ಪಾಲಿಥಿನ್ ಹಾಳೆ ಮುಚ್ಚಿತ್ತು, ಹುಳುಗಳು ಸೊಪ್ಪು ತಿನ್ನುತ್ತಿದ್ದವು, ಹೆಂಗಸರು ಓಡಾಡುತ್ತಿದ್ದರು. ಆಫಾಗಿದ್ದು ನಿಜವೇ ಎಂದು ಎರಡು ಸಲ ಕೇಳಿದೆ. "ಸುಳ್ಳು ಯೋಳಿ ನನಗೇನಾಗ್ಬೇಕು ಸಾ?" ಎಂದರು. ಅದೂ ಸರಿಯೇ. ಆ ಬ್ಯಾಚೂ ಏರುಪೇರಾಗಿತ್ತು. ಆಕೆಯ ಮುಖ ಬಾಡಿತ್ತು.

ನಾನಿರುವಾಗಲೇ ಶಿವಮಲ್ಲಪ್ಪ ಎನ್ನುವ ಹಿರಿಯ ರೈತರೊಬ್ಬರು ಬಂದರು. ಸುತ್ತಲ ಹತ್ತಾರು ರೈತರು ಅವರ ಮಾತು ಕೇಳಿ ಹುಳು ಕೊಳ್ಳುವವರು. ಕೂಗಾಡಲಿಲ್ಲ. ಜಗುಲಿಯ ಮೇಲೆ ಕೂತು, ಟವಲಿನಿಂದ ಮುಖ ಒರೆಸಿಕೊಂಡು, "ಮಾದೇವಿ, ನಿನ್ ಮ್ಯಾಲೆ ಕ್ವಾಪ ಇಲ್ಲ ಕಣವ್ವ. ಇನ್ನೊಂದ್ ಕಿತ ನೋಡ್ತೀವಿ. ಆಗ್ಲೂ ಇಂಗೇ ಆದ್ರೆ ನಾವು ಬ್ಯಾರೆ ಕಡೆ ನೋಡ್ಕತೀವಿ. ನಾವೂ ಬದುಕ್ಬೇಕಲ್ಲ" ಎಂದರು. ಮಹದೇವಮ್ಮ ತಲೆಯಾಡಿಸಿದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಕೇಳುಸ್ಕಂಡ್ರಲ್ಲ ಸಾ?" ಎಂದರು, ಅಷ್ಟೇ. ಬೈದಿದ್ದರೂ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಇನ್ನು ಬಿಡುವ ಮಾತೇ ಇಲ್ಲ ಎಂದು ಅಲ್ಲೇ ಗಟ್ಟಿ ಮಾಡಿದೆ. ಆ ಬ್ಯಾಚಿನ ಹುಳುಗಳು ರೈತರ ಮನೆ ಸೇರಿ ಹಜಾರ ಖಾಲಿಯಾದ ಮೇಲೆ ಕಂಪ್ಯೂಟರನ್ನು ನಂಜನಗೂಡಿಗೆ ಹೊತ್ತು ತಂದೆ. ಅಂಗಡಿಯಲ್ಲಿ ಅದನ್ನು ಹಗಲಿಡೀ ದುಡಿಸಿದೆ. ಪ್ರೊಸೆಸರಿಗೆ ಉಸಿರು ಬಿಡಲು ಬಿಡದ ಹಾಗೆ ಲೆಕ್ಕದ ಮೇಲೆ ಲೆಕ್ಕ ಕೊಡುವುದನ್ನು ಸ್ಟ್ರೆಸ್ ಟೆಸ್ಟ್ ಎನ್ನುತ್ತಾರೆ. ಅದರಲ್ಲೂ 68 ಡಿಗ್ರಿ ದಾಟಲಿಲ್ಲ. ನಿಲ್ಲಿಸಿದರೆ ಸದ್ದಿಲ್ಲದೆ ನಲವತ್ತಕ್ಕೆ ಬಂದು ಕೂರುತ್ತಿತ್ತು. ಹಿನ್ನೆಲೆಯಲ್ಲಿ ಕಳ್ಳತನದಿಂದ ಓಡುವ ಪ್ರೋಗ್ರಾಂ ಇದೆಯೇ ಎಂದು ಜಾಲಾಡಿದೆ, ಇಲ್ಲ. ಸುಮ್ಮನಿದ್ದಾಗಲೂ ಪೂರ್ತಿ ವೇಗದಲ್ಲೇ ಓಡಲಿ ಎಂದು ಯಾರೋ ಇಟ್ಟಿದ್ದ ಸೆಟ್ಟಿಂಗನ್ನು ಸರಿಪಡಿಸಿದೆ. ಪ್ರೊಸೆಸರಿಗೆ ಹೋಗುವ ವೋಲ್ಟೇಜ್ ನೋಡಿದೆ, ಹೊಸ ಕೂಲರ್ ಹಾಕಿದೆ. ರೋಗವೇ ಇಲ್ಲದ ರೋಗಿಗೆ ಎಷ್ಟು ಔಷಧಿ ಕೊಡಲಿ?

ವಾಪಸು ಇಡುವಾಗ ಇನ್ನೊಂದು ಏರ್ಪಾಡು ಮಾಡಿದೆ. ನಿಮಿಷ ನಿಮಿಷಕ್ಕೂ ಪ್ರೊಸೆಸರಿನ ಬಿಸಿ ಎಷ್ಟು, ಅದು ಮಾಡುತ್ತಿರುವ ಕೆಲಸ ಎಷ್ಟು ಎಂದು ತಾನೇ ಬರೆದಿಡುವ ಒಂದು ಸಣ್ಣ ತಂತ್ರಾಂಶ ಹಾಕಿದೆ. ಬಿಸಿ 80 ದಾಟಿದರೆ ನನ್ನ ಮೊಬೈಲಿಗೆ ಸಂದೇಶ ಬರಬೇಕು. ಇದಾದ ಮೇಲೆ ಮೂರನೇ ಬ್ಯಾಚಿನ ಮೊಟ್ಟೆ ಒಡೆದವು.

ಕೆಲವು ದಿನ ಎಲ್ಲ ತಣ್ಣಗಿತ್ತು. ಆಮೇಲೊಂದು ರಾತ್ರಿ ಮೊಬೈಲ್ ಕಿರುಚಿತು. 82. ಸ್ವಲ್ಪ ಹೊತ್ತಿಗೆ 87. ಮನೆಯಲ್ಲಿ ಕೂತೇ ಅದರ ದಾಖಲೆ ತೆರೆದು ನೋಡಿದೆ. ಪ್ರೊಸೆಸರಿನ ಮೇಲಿನ ಕೆಲಸ ಬರೀ ನಾಲ್ಕು ಪರ್ಸೆಂಟು! ಕೆಲಸವೇ ಇಲ್ಲ, ಬಿಸಿ ಮಾತ್ರ ಏರುತ್ತಲೇ ಇದೆ. ಬೆಳಗಾಗುವ ಹೊತ್ತಿಗೆ ಯಾರೋ ಮೌಸ್ ಮುಟ್ಟಿದರು, ಕೆಲಸ ಮೂವತ್ತು ಪರ್ಸೆಂಟಿಗೆ ಏರಿತು. ಆಗ ಬಿಸಿ ಇಳಿಯಿತು! ತಲೆ ಚಿಟ್ಟು ಹಿಡಿದುಹೋಯಿತು. ಕೆಲಸ ಕೊಟ್ಟರೆ ತಣ್ಣಗೆ, ಬಿಡುವು ಕೊಟ್ಟರೆ ಕೆಂಡ. ಇಪ್ಪತ್ತು ವರ್ಷದಲ್ಲಿ ಇಂಥ ತಲೆತಿರುಕ ಯಂತ್ರ ಕಂಡಿರಲಿಲ್ಲ.

ಮಹದೇವಮ್ಮನಿಗೆ ಫೋನು ಮಾಡಿದೆ. "ಈ ಕಿತ ಬಚಾವು ಸಾ, ಆಫಾಗ್ಲಿಲ್ಲ. ನಾ ಬೇಗ್ನೆ ಒಳೀಕೋದೆ. ಮೊದಲ್ನೇ ಜ್ವರ ಎದ್ಬುಡ್ತು" ಎಂದರು. ಮೊದಲನೇ ಜ್ವರ ಬೇರೆ! ಇನ್ನೊಂದು ಬರುವುದೆಂದು ಇವರಿಗೆ ಮೊದಲೇ ಗೊತ್ತೆ?

ಮರುದಿನವೇ ನನ್ನ ಅಂಗಡಿಯ ಸ್ವಂತ ಕಂಪ್ಯೂಟರನ್ನು ಒಯ್ದು ಅದರ ಜಾಗಕ್ಕೆ ಇಟ್ಟೆ, ಅವರದನ್ನು ಪಕ್ಕದ ಸಣ್ಣ ಕೋಣೆಯಲ್ಲಿ ಎತ್ತಿಟ್ಟೆ. ಅದೇ ತಂತ್ರಾಂಶ, ಅದೇ ಸಂದೇಶದ ಏರ್ಪಾಡು. ನನ್ನ ಯಂತ್ರದ ಜಾತಕ ನನಗೆ ಗೊತ್ತು. ಅದೂ ಕಾದರೆ ತಪ್ಪು ಕಂಪ್ಯೂಟರಿನದಲ್ಲ, ಆ ಜಾಗದ್ದು.

ಮೂರನೇ ದಿನ ಬೆಳಗ್ಗೆ ತಿಂಡಿಗೆ ಕೂತಿದ್ದೆ. ಮೊಬೈಲ್ ಕಿರುಚಿತು. 81. ಇದು ನನ್ನದೇ ಯಂತ್ರ! ತಟ್ಟೆ ಸರಿಸಿ ಫೋನು ಮಾಡಿದೆ.

"ಇವತ್ತು ಬರಬ್ಯಾಡಿ ಸಾ. ಎರಡ್ನೇ ಜ್ವರ ಕುಂತದೆ. ನಾಳಿಕ್ಕೆ ಬನ್ನಿ, ನಾಳಿಕ್ಕೇ ರೈತ್ರೂ ಬತ್ತಾರೆ" ಎಂದರು ಮಹದೇವಮ್ಮ. ದನಿಯಲ್ಲಿ ಆತಂಕವಿತ್ತು.

ನಾಳೆ ಹೋಗಿ ಏನು ಮಾಡುವುದು, ಏರುಪೇರಾದ ಹುಳು ಎಣಿಸುವುದೇ? ಯಾರಿಗೆ ಎಷ್ಟೇ ಜ್ವರವಿರಲಿ, ಇವತ್ತು ಹೋಗಿಯೇ ತೀರುತ್ತೇನೆ ಎಂದು ಎದ್ದೆ. ನನ್ನ ಹೆಂಡತಿ ಈ ಜ್ವರದ ಕಥೆಯನ್ನೆಲ್ಲ ಕೇಳಿದ್ದವಳು. "ಹೋಗೋದಾದ್ರೆ ಖಾಲಿ ಕೈಯಲ್ಲಿ ಹೋಗ್ಬೇಡ್ರೀ. ಪಾಪ, ಪದೇ ಪದೇ ಜ್ವರ ಅಂದ್ರೆ ಡೆಂಗ್ಯೂನೋ ಏನೋ. ಅಲ್ಲಿ ಹೋಗಿ ಕೂಗಾಡ್ಬೇಡಿ" ಎಂದಳು. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಹಾರ್ನ್ ಹೊಡೆಯುತ್ತಾ, ಬೈದುಕೊಳ್ಳುತ್ತಾ ತಿ. ನರಸೀಪುರ ಮುಟ್ಟಿದೆ. ಬಸ್ ಸ್ಟ್ಯಾಂಡಿನ ಎದುರು ಒಂದು ಬ್ರೆಡ್ಡು, ಒಂದು ಕೆಜಿ ಮೂಸಂಬಿ ಕಟ್ಟಿಸಿಕೊಂಡೆ. ಮೂಗೂರು ಮುಟ್ಟುವ ಹೊತ್ತಿಗೆ ಮೊಬೈಲಿನಲ್ಲಿ 88.

ಮಹದೇವಮ್ಮ ಕೇಂದ್ರದ ಜಗುಲಿಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ದಡಕ್ಕನೆ ಎದ್ದು ಬಾಗಿಲಿಗೆ ಅಡ್ಡ ನಿಂತರು. "ಒಳೀಕೆ ಬರಂಗಿಲ್ಲ ಸಾ! ಜ್ವರ ಕುಂತದೆ ಅಂತ ಯೋಳ್ಲಿಲ್ವ?"

"ಒಳಗೆ ಬರಲ್ಲ ಕಣಮ್ಮ. ಮೊದ್ಲು ಇದು ತಗೊಳ್ಳಿ" ಎಂದು ಬ್ರೆಡ್ಡು, ಮೂಸಂಬಿ ಕೊಟ್ಟೆ. "ಯಾರಿಗೆ ಜ್ವರ? ಮಕ್ಕಳಿಗಾ?"

ಆಕೆ ಬ್ರೆಡ್ಡನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಇದ್ಯಾರಿಗೆ ಸಾ?"

"ಅದೇ, ಜ್ವರ ಬಂದವರಿಗೆ."

"ಅಯ್ಯೋ ನಮ್ಮಪ್ಪ! ಜ್ವರ ಉಳಕ್ಕೆ ಸಾ, ಉಳಕ್ಕೆ!" ಎಂದವರೇ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದರು. ಅಷ್ಟು ದಿನದ ಸಂಕಟವೆಲ್ಲ ಸೇರಿ ನಗುವಾಗಿ ಬಂತೋ ಏನೋ, ಕಣ್ಣಲ್ಲಿ ನೀರು ಬಂದರೂ ನಗು ನಿಲ್ಲಲಿಲ್ಲ. "ಮೂಸಂಬಿ ತಂದವ್ರಲ್ಲ ಉಳಕ್ಕೆ!" ಎಂದು ಮತ್ತೆ ನಕ್ಕರು. ನಾನು ಪೆದ್ದುಪೆದ್ದಾಗಿ ನಿಂತಿದ್ದೆ.

ಆಮೇಲೆ ಸುಧಾರಿಸಿಕೊಂಡು ಹೇಳಿದರು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ತಿನ್ನದೆ, ತಲೆ ಎತ್ತಿಕೊಂಡು, ಅಲುಗಾಡದೆ ಕೂರುತ್ತದೆ. ಅದಕ್ಕೆ ಅವರಲ್ಲಿ ಜ್ವರ ಎನ್ನುತ್ತಾರೆ. ಕೂತರೆ ಜ್ವರ ಕೂತಿತು, ಪೊರೆ ಬಿಟ್ಟು ಎದ್ದರೆ ಜ್ವರ ಎದ್ದಿತು. ಮನೆ ಎಂದರೆ ಹುಳದ ಮನೆ, ಆ ಹಜಾರ. ಎರಡನೇ ಜ್ವರ ಎದ್ದ ಹುಳುಗಳನ್ನು ರೈತರಿಗೆ ಕೊಡುವುದು. ಸುಮಾರು ಒಂದು ಹಗಲು ಒಂದು ರಾತ್ರಿ ಅವು ಕೂತಿರುವಾಗ ಯಾರೂ ಒಳಗೆ ಹೋಗಿ ಗದ್ದಲ ಮಾಡಬಾರದು, ಹಾಸಿಗೆ ಒಣಗಿರಬೇಕು, ಗಾಳಿ ಆಡಬೇಕು. ಆಗಲೇ ಸುಣ್ಣ ಉದುರಿಸುವುದು.

ರೇಷ್ಮೆ ನಾಡಿನ ಮಗ್ಗುಲಲ್ಲೇ ಹುಟ್ಟಿ ಬೆಳೆದವನು ನಾನು. ಆದರೆ ಪೇಟೆಯವನು, ಈ ಮಾತು ಕಿವಿಗೆ ಬಿದ್ದಿರಲೇ ಇಲ್ಲ. ನನಗೆ ಗೊತ್ತೇ ಇರುತ್ತದೆಂದು ಆಕೆ, ಆಕೆಯದು ಕಾಯಿಲೆಯ ಮನೆಯೆಂದು ನಾನು. ನಾನು ಸುಣ್ಣ ತೊಳೆದ ಮೇಲೆ ಕಂಪ್ಯೂಟರ್ ಕಾದ ಪ್ರತಿಸಲವೂ ಜ್ವರವಿತ್ತು. ಜ್ವರವಿದ್ದ ಪ್ರತಿಸಲವೂ ನಾನು ಮರ್ಯಾದೆಯಿಂದ ಮನೆಯಲ್ಲೇ ಉಳಿದಿದ್ದೆ!

ಬಾಗಿಲಿನಲ್ಲಿ ಒಳಗೆ ನೋಡಲು ಒಂದು ಗಾಜಿನ ಕಿಂಡಿಯಿತ್ತು. ಮುಖ ಒತ್ತಿ ನೋಡಿದೆ. ತಟ್ಟೆಗಳ ಮೇಲೆ ಎಂದಿನ ಪಾಲಿಥಿನ್ ಹಾಳೆಗಳಿಲ್ಲ. ಹುಳುಗಳ ಮೇಲೆ ಬೆಳ್ಳಗೆ ಸುಣ್ಣ. ಮೂಲೆಯಲ್ಲಿ ನನ್ನ ಕಂಪ್ಯೂಟರ್ ಎಲ್ಲಿ? ಅದರ ಜಾಗದಲ್ಲಿ ಒಂದು ನೀಲಿ ಗಂಟು. ತಟ್ಟೆಗಳಿಂದ ತೆಗೆದ ಹಾಳೆಗಳನ್ನು ಎರಡೆರಡು ಸುತ್ತು ಸುತ್ತಿ, ಹುರಿಯಿಂದ ಬಿಗಿದು ಕಟ್ಟಿದ್ದಾರೆ. ಒಳಗಿನ ಫ್ಯಾನು ಎಳೆದುಕೊಂಡ ರಭಸಕ್ಕೆ ಹಾಳೆ ಕ್ಯಾಬಿನೆಟ್ಟಿನ ಮೂತಿಗೆ ಅಂಟಿಕೊಂಡಿತ್ತು.

"ಅದ್ಯಾಕ್ರೀ ಹಂಗೆ ಕಟ್ಟಿದ್ದೀರಾ?" ಎಂದು ಕಿರುಚಿಯೇಬಿಟ್ಟೆ.

"ಸುಣ್ಣ ಓಗ್ಬಾರ್ದು ಅಂತ ನೀವೇ ಯೋಳಿದ್ರಲ್ಲ ಸಾ. ಸುಣ್ಣ ಆಕುವಾಗೆಲ್ಲ ಕಟ್ಬುಡ್ತೀನಿ. ಜ್ವರ ಎದ್ಮ್ಯಾಲೆ ಬಿಚ್ಚಿ ತಟ್ಟೆಗೆ ಆಕ್ತೀನಿ."

ಸರಿಹೋಯಿತು. ಯಾರಾದರೂ ಬಂದು ಕೆಲಸ ಮಾಡುವಾಗ ಗಂಟು ಬಿಚ್ಚಿರುತ್ತದೆ, ತಣ್ಣಗಿರುತ್ತದೆ. ಎಲ್ಲರೂ ಎದ್ದುಹೋಗಿ ಸುಮ್ಮನಿರುವಾಗ ಗಂಟು ಕಟ್ಟಿರುತ್ತದೆ, ತಾನು ಬಿಟ್ಟ ಬಿಸಿಯನ್ನೇ ತಾನು ಎಳೆದುಕೊಂಡು ಕಾಯುತ್ತದೆ. ಆಫಾದರೆ ಗಾಳಿ ಹೊರಹಾಕುವ ಫ್ಯಾನು ನಿಲ್ಲುತ್ತದೆ, ತೇವ ಏರುತ್ತದೆ, ಒಣಗಿರಬೇಕಾದ ಹಾಸಿಗೆ ಒದ್ದೆಯಾಗುತ್ತದೆ, ಹುಳುಗಳು ಒಂದು ಈಗ ಒಂದು ಆಗ ಏಳುತ್ತವೆ.

ಮೊಬೈಲ್ ನೋಡಿದೆ. 93. ನೂರರ ಹತ್ತಿರ ಹೋದರೆ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ಆಫಾಗುತ್ತದೆ.

"ಈಗಲೇ ಬಿಚ್ಬೇಕು" ಎಂದೆ.

"ಬಿಚ್ಚುದ್ರೆ ಸುಣ್ಣ ಓಗ್ತದೆ, ಬಿಚ್ಚದಿದ್ರೆ ಆಫಾಯ್ತದೆ. ಜ್ವರದಾಗೆ ಒಳೀಕೆ ಓಗ್ಲೂಬಾರ್ದು. ಏನ್ ಮಾಡ್ಲಿ ಸಾ?"

"ಸುಣ್ಣ ಹೋಗ್ಲಿ, ನಾನಿದೀನಿ ತೊಳೆಯೋಕೆ. ಅದು ನನ್ನ ಕಂಪ್ಯೂಟರ್, ಸುಟ್ರೂ ಪರವಾಗಿಲ್ಲ. ನಿಮ್ಮ ಹುಳ ಕೆಡಬಾರ್ದು. ಹೋಗಿ!"

ಬಾಗಿಲ ಬಳಿ ಔಷಧಿ ನೀರಿನ ತಟ್ಟೆಯಲ್ಲಿ ಕಾಲು ಅದ್ದಿ, ಬರಿಗಾಲಲ್ಲಿ, ಮಲಗಿದ ಕೂಸಿನ ಪಕ್ಕದಿಂದ ಹೋಗುವವರ ಹಾಗೆ ಆಕೆ ಒಳಗೆ ನಡೆದರು. ಹುರಿ ಬಿಗಿದುಕೊಂಡಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಹಾಳೆಯನ್ನು ಸದ್ದಾಗದಂತೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ನನ್ನ ಕೈಯಲ್ಲಿದ್ದ ಮೊಬೈಲಿನಲ್ಲಿ 95 ಇದ್ದದ್ದು 90 ಆಯಿತು, 76 ಆಯಿತು. ಆಕೆ ಹೊರಗೆ ಬಂದು ಬಾಗಿಲು ಹಾಕುವ ಹೊತ್ತಿಗೆ 58. ನಾವಿಬ್ಬರೂ ಜಗುಲಿಯ ಮೇಲೆ ಕೂತು ಅದು 43ಕ್ಕೆ ಇಳಿಯುವವರೆಗೂ ಕ್ರಿಕೆಟ್ ಸ್ಕೋರ್ ನೋಡುವವರ ಹಾಗೆ ನೋಡಿದೆವು. ಬ್ರೆಡ್ಡನ್ನು ಇಬ್ಬರೂ ಕಾಫಿಯಲ್ಲಿ ಅದ್ದಿ ತಿಂದೆವು.

ಅಪಾಯ ಇನ್ನೂ ದಾಟಿರಲಿಲ್ಲ. ಅಷ್ಟು ಹೊತ್ತು ಕಾದ ಯಂತ್ರ ಫ್ಯಾನುಗಳನ್ನು ಸರಿಯಾಗಿ ಓಡಿಸಿತ್ತೋ ಇಲ್ಲವೋ, ಹುಳುಗಳು ಎದ್ದಾಗಲೇ ಗೊತ್ತಾಗುವುದು. ಹೆಂಡತಿಗೆ ಫೋನು ಮಾಡಿ ಇವತ್ತು ಬರುವುದಿಲ್ಲ ಎಂದೆ. "ಯಾರಿಗ್ರೀ ಜ್ವರ?" ಎಂದಳು. ಬಂದು ಹೇಳುತ್ತೇನೆ ಎಂದೆ. ಅಲ್ಲಿಯೇ ಮಹದೇವಮ್ಮನ ಮನೆಯಲ್ಲಿ ಉಳಿದೆ. ಮೊಬೈಲ್ ಮತ್ತೆ ಕಿರುಚಲಿಲ್ಲ.

ಬೆಳಗ್ಗೆ ರೈತರು ಬಂದರು, ಮುಂದೆ ಶಿವಮಲ್ಲಪ್ಪ. ಮಹದೇವಮ್ಮ ಒಂದು ತಟ್ಟೆ ತಂದು ಜಗುಲಿಯ ಮೇಲಿಟ್ಟು, ಸಣ್ಣಗೆ ಹೆಚ್ಚಿದ ಸೊಪ್ಪನ್ನು ಒಂದು ಹಿಡಿ ಉದುರಿಸಿ ಹಿಂದೆ ಸರಿದರು. ಎದ್ದ ಹುಳು ಹಸಿದಿರುತ್ತದೆ, ಕೂಡಲೇ ಸೊಪ್ಪಿಗೆ ಏರುತ್ತದೆ. ಇನ್ನೂ ಏಳದ್ದು ಕೆಳಗೇ ಉಳಿಯುತ್ತದೆ. ಶಿವಮಲ್ಲಪ್ಪ ಕನ್ನಡಕ ಹಾಕಿಕೊಂಡು ತಟ್ಟೆಯ ಮೇಲೆ ಬಾಗಿದರು. ಮೊದಲು ಅಂಚಿನಲ್ಲಿ, ಆಮೇಲೆ ನಡುವೆ, ನೋಡುನೋಡುತ್ತಿದ್ದಂತೆ ತಟ್ಟೆಯ ತುಂಬ ಹುಳುಗಳು ಸೊಪ್ಪಿನ ಮೇಲೆ ಬಂದವು. ಅವರು ಬೆರಳಿನಿಂದ ಸೊಪ್ಪು ಸರಿಸಿ ಕೆಳಗೆ ನೋಡಿದರು. ಇನ್ನೊಂದು ತಟ್ಟೆ ತರಿಸಿ ಅದನ್ನೂ ನೋಡಿದರು. ನಾನೂ ಅವರ ಹೆಗಲ ಮೇಲಿಂದ ಇಣುಕಿ ಇಣುಕಿ ನೋಡುತ್ತಿದ್ದೆ. ನನಗೇ ಹೀಗಿದ್ದರೆ ಆಕೆಗೆ ಹೇಗಿತ್ತೋ.

"ಒಂದೇ ಸಮ ಎದ್ದವೆ ಕಣ್ರಪ್ಪ" ಎಂದರು ಶಿವಮಲ್ಲಪ್ಪ, ಉಳಿದವರ ಕಡೆ ತಿರುಗಿ. ಆಮೇಲೆ ಮಹದೇವಮ್ಮನಿಗೆ, "ಮುಂದಲ ಕಿತಕ್ಕೂ ನಂದು ಮಡಗಿರವ್ವ."

ಆಕೆ "ಊಂ" ಎಂದು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಸೆರಗಿನಿಂದ ಕಣ್ಣೊರೆಸಿಕೊಂಡು, "ತಟ್ಟೆ ತತ್ತೀನಿ ತಡೀರಿ" ಎಂದು ಒಳಗೆ ಹೋದರು. ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳೇಕೆ ಹೇಳಲಿ.

ಅಂದೇ ಮಧ್ಯಾಹ್ನ ಗೋಡೆಗೆ ತೂತು ಕೊರೆಸಿ ಕೇಬಲ್‌ಗಳನ್ನು ಹೊರಗೆಳೆದು, ನನ್ನದನ್ನು ತೆಗೆದು, ಅವರ ಕಂಪ್ಯೂಟರನ್ನೇ ಪಕ್ಕದ ಸಣ್ಣ ಕೋಣೆಯಲ್ಲಿ ಕೂರಿಸಿದೆ. ಅಲ್ಲಿ ಸುಣ್ಣವೂ ಇಲ್ಲ, ತೇವವೂ ಇಲ್ಲ, ಹೊದಿಕೆಯ ಅಗತ್ಯವೂ ಇಲ್ಲ. ಆಮೇಲೆ ಅದರ ಐಡಲ್ ಟೆಂಪರೇಚರ್ 45 ದಾಟಿದ್ದನ್ನು ನಾನು ನೋಡಿಲ್ಲ. ಕೇಂದ್ರ ಇವತ್ತಿಗೂ ನಡೆಯುತ್ತಿದೆ.

ಅಂದಿನಿಂದ ನನ್ನ ಕೆಲಸದ ರೀತಿ ಬದಲಾಗಿದೆ. ಗಿರಾಕಿ ಯಂತ್ರ ತಂದರೆ ನಾನು ಮೊದಲು ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ. "ನೀವು ಎದ್ದುಹೋದ ಮೇಲೆ ಇದರ ಹತ್ತಿರ ಏನೇನು ನಡೆಯುತ್ತೆ?" ಎಂದು ಕೇಳುತ್ತೇನೆ. ಕೆಲವರು ಇವನಿಗೆ ತಲೆ ಕೆಟ್ಟಿದೆ ಎನ್ನುವಂತೆ ನೋಡುತ್ತಾರೆ. ನೋಡಲಿ. ಇನ್ನೂ ಒಂದು ಕಲಿತಿದ್ದೇನೆ. ನಮ್ಮ ಬಿಡುವು ನೋಡಿಕೊಂಡು ಹೋದರೆ ದೋಷ ನಮಗಾಗಿ ಕಾದು ಕೂತಿರುವುದಿಲ್ಲ. "ಇವತ್ತು ಬರಬೇಡಿ, ನಾಳೆ ಬನ್ನಿ" ಎಂದು ಗಿರಾಕಿ ಹೇಳಿದರೆ, ಹೊಸ್ತಿಲು ದಾಟದೆ ಹೊರಗೇ ನಿಲ್ಲಬೇಕಾದರೂ ಸರಿ, ನಾನು ಅವತ್ತೇ ಹೋಗುತ್ತೇನೆ.